ಏರಿಲ್ಲ ಅಂದ್ಕೊಂಡಿದ್ದೆ

ಹೋದ ವರ್ಷದ ಹೊಸತೊಡಕು. ಮಂಡ್ಯದ ಹತ್ತಿರ ಅಕ್ಕನ ಊರಲ್ಲಿ ಬಾಡೂಟ. ಬೆಳಿಗ್ಗೆ ಒಂಬತ್ತಕ್ಕೆ ಮೈಸೂರಲ್ಲಿ ತಿಂಡಿ ತಿಂದು, ಎಡಿಎಚ್‌ಡಿಗೆ (ಗಮನ ಒಂದು ಕಡೆ ನಿಲ್ಲದ ತೊಂದರೆ) ಅಂತ ಡಾಕ್ಟರ್ ಬರೆದುಕೊಟ್ಟಿರೋ ಮೀಥೈಲ್‌ಫೆನಿಡೇಟ್ ನುಂಗಿ ಬೈಕ್ ಹತ್ತಿದೆ. ಸಂಜೆವರೆಗೂ ನಿಧಾನವಾಗಿ ಕೆಲಸ ಮಾಡುವ ಮಾತ್ರೆ ಅದು. ಅದರ ವಿಷಯ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಮಧ್ಯಾಹ್ನ ತೆಂಗಿನ ತೋಟದಲ್ಲಿ ಎಣ್ಣೆ ಶುರುವಾಯಿತು. ಒಂದು ನೈಂಟಿ ಆಯಿತು, ಎರಡಾಯಿತು. ಜೊತೆಯವರ ನಾಲಿಗೆ ಆಗಲೇ ತೊದಲುತ್ತಿತ್ತು, ನನ್ನ ಮಾತು ಮಾತ್ರ ನೆಟ್ಟಗಿತ್ತು.

"ಏನ್ಲಾ, ನಿಂಗೆ ಏರ್ದಂಗೇ ಕಾಣಕಿಲ್ವಲ್ಲ" ಅಂತ ಭಾವ ಮೂರನೆಯದನ್ನೂ ಬಗ್ಗಿಸಿದರು. ನನಗೂ ಹಾಗೇ ಅನಿಸಿತ್ತು, ಕುಡಿದೆ.

ಏರಿತ್ತು. ನನಗೆ ಗೊತ್ತಾಗಿರಲಿಲ್ಲ, ಅಷ್ಟೇ. ಎಣ್ಣೆ ಮಂಪರು ತರುತ್ತದೆ, ಈ ಮಾತ್ರೆ ಎಚ್ಚರ ಕೊಡುತ್ತದೆ. ಆ ಎಚ್ಚರದಲ್ಲಿ ಅಮಲು ಕಾಣೋದಿಲ್ಲ, ಆದರೆ ರಕ್ತದಲ್ಲಿರೋ ಎಣ್ಣೆ ಒಂದು ಹನಿಯೂ ಕಡಿಮೆ ಆಗೋದಿಲ್ಲ. ಲಿವರ್ ಗಂಟೆಗೆ ಹೆಚ್ಚೂಕಡಿಮೆ 30 ಎಂಎಲ್ ವಿಸ್ಕಿಯಷ್ಟನ್ನೇ ಕರಗಿಸೋದು. ಮೂರು ನೈಂಟಿ ಅಂದರೆ 270 ಎಂಎಲ್, ಲೆಕ್ಕ ಹಾಕಿ, ರಾತ್ರಿ ಹತ್ತು ದಾಟಿದರೂ ಮುಗಿಯೋದಿಲ್ಲ.

ಸಂಜೆ ಆರೂವರೆಗೆ ಬೈಕ್ ಕೀ ಹಿಡಿದು ಎದ್ದೆ. ಸರ್ವಿಸ್ ರೋಡಲ್ಲಿ ಸುಮಾರು 45 ಕಿಲೋಮೀಟರ್, ಆರಾಮಾಗಿ ಹೋಗ್ತೀನಿ ಅಂದೆ. ಅಕ್ಕ ಕೀ ಕಿತ್ತುಕೊಂಡಳು. ಅವಳಿಗೆ ಮಾತ್ರೆ ವಿಷಯ ಗೊತ್ತಿರಲಿಲ್ಲ, ಸುಮ್ನೆ ಗ್ಲಾಸು ಎಣಿಸಿದ್ದಳು. ಮುಕ್ಕಾಲು ಗಂಟೆ ಆಗಿರಬೇಕು, ಮಾತ್ರೆಯ ಜೋರು ಇಳಿದ ಹಾಗೆ ಮಧ್ಯಾಹ್ನದ ಅಮಲೆಲ್ಲ ಒಟ್ಟಿಗೇ ಮೇಲೆ ಬಂತು. ವಾಂತಿ, ತಲೆಸುತ್ತು, ಎದೆ ಢವಢವ. ಆಗ ನಾನು ರೋಡಲ್ಲಿ ಇರಬೇಕಿತ್ತು. ಈಗಲೂ ನೆನೆಸಿಕೊಂಡರೆ ಕೈ ತಣ್ಣಗಾಗುತ್ತದೆ.

ಆ ವಾರವೇ ಡಾಕ್ಟರ್ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ, ಬಿಡಿಸಿ ಹೇಳಿದರು. ಎಣ್ಣೆ ಜೊತೆ ಸೇರಿದರೆ ಲಿವರ್‌ನಲ್ಲಿ ಈ ಮಾತ್ರೆಯ ಸ್ವಲ್ಪ ಭಾಗ ಈಥೈಲ್‌ಫೆನಿಡೇಟ್ ಅನ್ನೋ ಬೇರೆ ವಸ್ತು ಆಗುತ್ತದಂತೆ, ರಕ್ತದಲ್ಲಿ ಮಾತ್ರೆಯ ಪ್ರಮಾಣವೂ ಮೇಲೇರುತ್ತದಂತೆ. ನಿಧಾನವಾಗಿ ಕರಗಬೇಕಾದ ಕೆಲವು ಕ್ಯಾಪ್ಸೂಲ್‌ಗಳು ಎಣ್ಣೆ ಸೇರಿದರೆ ದಿನದ ಔಷಧಿಯನ್ನು ಬೇಗನೇ ಬಿಟ್ಟುಬಿಡಬಹುದು. ಹೃದಯದ ಬಡಿತ, ಬಿಪಿ ಎರಡನ್ನೂ ಏರಿಸುವ ಮಾತ್ರೆ ಇದು, ಬಿಪಿ ಇರುವವರಿಗೆ, ಹೃದಯದ ತೊಂದರೆ ಇರುವವರಿಗೆ ಇನ್ನೂ ಅಪಾಯ ಅಲ್ವಾ?

"ಹಾಗಾದ್ರೆ ಹಬ್ಬದ ದಿನ ಮಾತ್ರೆ ಬಿಟ್ಟರೆ?" ಅಂತ ಕೇಳಿದೆ. ನೀವಾಗೇ ಬಿಡಬೇಡಿ, ಬಿಡೋದಾದರೂ ನನ್ನನ್ನು ಕೇಳಿ, ಕುಡಿಯೋದನ್ನ ಬಿಡೋದು ಅದಕ್ಕಿಂತ ಸುಲಭ ಅಂದರು.

ಇನ್ನೊಂದು ಮಾತು. ಗಾಡಿ ಓಡಿಸೋರಿಗೆ ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. ಪೊಲೀಸರ ಮೆಷಿನ್‌ಗೆ ನಿಮ್ಮ ಎಚ್ಚರ ಕಾಣೋದಿಲ್ಲ, ಎಣ್ಣೆ ಕಾಣುತ್ತದೆ. ಜೊತೆಯಲ್ಲಿ ಹೀಗೆ ಕುಡಿದವರಿಗೆ ಎದೆನೋವು ಬಂದರೆ, ಉಸಿರು ಕಟ್ಟಿದ ಹಾಗಾದರೆ, ಎಬ್ಬಿಸಿದರೂ ಏಳದಿದ್ದರೆ, "ಮಲಗಿ ಎದ್ರೆ ಸರಿಹೋಗುತ್ತೆ" ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಯಾವ ಮಾತ್ರೆ ತಗೊಂಡಿದ್ದಾರೆ ಅನ್ನೋದನ್ನೂ ಹೇಳಿ.

ಈ ಸಲ ಊರಿಗೆ ಹೋಗೋ ಮುಂಚೆ ಭಾವನಿಗೆ ಫೋನ್ ಮಾಡಿ ಮಾತ್ರೆ ವಿಷಯ ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದರು. "ಅವತ್ತು ಬಗ್ಸಿದ್ದು ನಾನಲ್ವೇನ್ಲಾ" ಅಂದರು.