ಸು ಶಿ ಯಾಕೆ ಸುಮ್ಮನಿರಲಿಲ್ಲ?

ಹನ್ನೊಂದನೇ ಶತಮಾನದ ಚೀನಾದ ಕವಿ, ಅಧಿಕಾರಿ ಸು ಶಿ ಬಗ್ಗೆ ಮಾತು ತೆಗೆದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಕವಿತೆ ಬರೆದು ಜೈಲಿಗೆ ಹೋದ ಮೇಲಾದರೂ ಆ ಮನುಷ್ಯ ಬಾಯಿ ಮುಚ್ಚಿಕೊಂಡಿರಬಾರದಿತ್ತಾ? ಒಳ್ಳೆ ಸರ್ಕಾರಿ ಕೆಲಸ ಇತ್ತಲ್ಲ?"

ಆ ಕೆಲಸ ಸಿಕ್ಕಿದ್ದೇ ಬರವಣಿಗೆಯಿಂದ. 1057ರಲ್ಲಿ ರಾಜಧಾನಿ ಕೈಫೆಂಗ್‌ನಲ್ಲಿ ಸರ್ಕಾರಿ ಹುದ್ದೆಯ ಪರೀಕ್ಷೆ ಪಾಸಾದಾಗ ಅವನಿಗಿನ್ನೂ ಇಪ್ಪತ್ತು. ಪ್ರಬಂಧ ಓದಿ ಪರೀಕ್ಷಕ ಔಯಾಂಗ್ ಶಿಯು ಬೆರಗಾಗಿದ್ದ. ಮುಂದೆ ಮಂತ್ರಿ ವಾಂಗ್ ಆನ್‌ಶಿಯ ಹೊಸ ಕಾನೂನುಗಳು ಬಂದವು. ಸು ಶಿಗೆ ಅವು ಹಿಡಿಸಲಿಲ್ಲ. ಹಾಂಗ್‌ಝೌನಲ್ಲಿ ಅಧಿಕಾರಿಯಾಗಿದ್ದ ಸು ಶಿ, ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡು ಬೆಟ್ಟದಲ್ಲಿ ಕಳಲೆ ಕೀಳುವ ಎಪ್ಪತ್ತರ ಮುದುಕನ ಮೇಲೊಂದು ಪದ್ಯ ಬರೆದ. ಶಾವೋ ಎಂಬ ಪುರಾತನ ಸಂಗೀತ ಕೇಳಿ ಕನ್‌ಫ್ಯೂಷಿಯಸ್ ಮೂರು ತಿಂಗಳು ಮಾಂಸದ ರುಚಿಯನ್ನೇ ಮರೆತಿದ್ದನಂತೆ. ಈ ಮುದುಕನಿಗೂ ಊಟ ರುಚಿಸುತ್ತಿಲ್ಲ, ಆದರೆ ಸಂಗೀತ ಕೇಳಿ ಅಲ್ಲ. ಮೂರು ತಿಂಗಳಿಂದ ಉಪ್ಪೇ ಇಲ್ಲ! ಕುಟುಕಿದ್ದು ಉಪ್ಪಿನ ಮಾರಾಟವನ್ನು ಸರ್ಕಾರದ ಕೈಯಲ್ಲೇ ಇಟ್ಟುಕೊಂಡ ಕಾನೂನನ್ನು. ಪದ್ಯಗಳಲ್ಲಿ ಸರ್ಕಾರವನ್ನು ಅಣಕಿಸಿದನೆಂದು 1079ರಲ್ಲಿ ನಡೆದ ವಿಚಾರಣೆಯಲ್ಲಿ ಈ ಪದ್ಯವೂ ಸಾಕ್ಷಿಯಾಯಿತು.

ನಾಲ್ಕು ತಿಂಗಳ ಸೆರೆವಾಸ ಮುಗಿಸಿ ಹೊರಬಂದವನು ಕೂಡಲೇ ಏನು ಮಾಡಿದ ಅಂತೀರಿ? ಎರಡು ಪದ್ಯ ಬರೆದ. ಒಂದರಲ್ಲಿ, ಜೀವನವಿಡೀ ನನ್ನ ಬರಹವೇ ನನಗೆ ಮುಳುವಾಯಿತು ಎಂದ. ಇನ್ನೊಂದರಲ್ಲಿ, ಕುಂಚ ಹಿಡಿದು ನೋಡಿದೆ, ದೈವವೇ ಮೈಮೇಲೆ ಬಂದಂತಿದೆ ಎಂದ!

ಹುವಾಂಗ್‌ಝೌ ಎಂಬ ದೂರದ ಊರಿಗೆ ಗಡಿಪಾರಾಯಿತು. ಹುದ್ದೆ ನಾಮಕಾವಸ್ತೆ, ಸಂಬಳ ಇಲ್ಲವೆನ್ನುವಷ್ಟು. ಅಲ್ಲಿನ ಸಂಸಾರದ ಲೆಕ್ಕವನ್ನು ಗೆಳೆಯನಿಗೆ ಪತ್ರದಲ್ಲಿ ಬರೆದಿದ್ದಾನೆ: ತಿಂಗಳ ಮೊದಲ ದಿನ 4,500 ಕಾಸು ತೆಗೆದು, ಮೂವತ್ತು ಪಾಲು ಮಾಡಿ ತೊಲೆಗೆ ನೇತು ಹಾಕುವುದು. ಬೆಳಿಗ್ಗೆ ಕವೆಗೋಲಿನಿಂದ ಒಂದು ಗಂಟು ಇಳಿಸಿ, ಕೂಡಲೇ ಆ ಕೋಲನ್ನು ಬಚ್ಚಿಡುವುದು. ಮಿಕ್ಕಿದ್ದು ಬಿದಿರಿನ ಅಂಡೆಗೆ, ಬಂದ ನೆಂಟರಿಷ್ಟರ ಖರ್ಚಿಗೆ. ಕೋಲು ಬಚ್ಚಿಡುವ ಮಾತು ನನಗೆ ಬಹಳ ಇಷ್ಟ. ತನ್ನ ಕೈ ಎಷ್ಟು ಧಾರಾಳವೆಂದು ಅವನಿಗೆ ಗೊತ್ತಿತ್ತು. ಪಾಳು ಜಮೀನು ಉತ್ತು ತನಗೆ 'ಡೊಂಗ್‌ಪೊ' (ಪೂರ್ವದ ಇಳಿಜಾರು) ಎಂದು ಹೆಸರಿಟ್ಟುಕೊಂಡದ್ದೂ ಇಲ್ಲಿಯೇ. 1082ರ ಮಳೆಯ ಪದ್ಯಗಳ ಹಸ್ತಪ್ರತಿ ಈಗ ತೈಪೆಯ ಮ್ಯೂಸಿಯಂನಲ್ಲಿದೆ. ಸಣ್ಣಗೆ, ಹಿಡಿತದಲ್ಲಿ ಶುರುವಾಗುವ ಅಕ್ಷರಗಳು, ಒಡೆದ ಒಲೆಯಲ್ಲಿ ಒದ್ದೆ ಜೊಂಡು ಉರಿಸುವ ಸಾಲಿಗೆ ಬರುವಷ್ಟರಲ್ಲಿ ದಪ್ಪಗಾಗಿ, ಗೀಟು ಉದ್ದಕ್ಕೆ ಇಳಿಯುತ್ತವೆ.

ಸರಿ, ಅವನು ವಾಂಗ್‌ನ ವಿರೋಧಿ, ಅದಕ್ಕೇ ಬರೆದ ಅನ್ನೋಣವೇ? 1085ರಲ್ಲಿ ಚಕ್ರವರ್ತಿ ತೀರಿಕೊಂಡು, ವಾಂಗ್‌ನ ಎದುರಾಳಿ ಸಿಮಾ ಗುವಾಂಗ್‌ನ ಪಕ್ಷ ಅಧಿಕಾರಕ್ಕೆ ಬಂತು. ಇವರು ಅವನ ಕಡೆಯವರೇ. ದೊಡ್ಡ ಹುದ್ದೆಯನ್ನೂ ಕೊಟ್ಟರು. ಅವರು ವಾಂಗ್‌ನ ಕಾನೂನುಗಳನ್ನೆಲ್ಲ ಕಿತ್ತುಹಾಕಲು ಹೊರಟಾಗ ಇವನು ಅಡ್ಡ ನಿಂತ. ಜನರನ್ನು ಚಾಕರಿಗೆ ಎಳೆಯುವ ಬದಲು ತೆರಿಗೆ ಹಣದಲ್ಲಿ ಆಳು ಇಡುವ ಪದ್ಧತಿ ಒಳ್ಳೆಯದು, ಅದನ್ನು ಬಿಡಬೇಡಿ ಎಂದ. ಹೀಗೆ ಎರಡೂ ಕಡೆಯವರ ಕೆಂಗಣ್ಣಿಗೆ ಗುರಿಯಾದ. ಹಾಗಾಗಿ ಅವನದು ಬರೀ ಬಾಯಿಚಪಲ ಅಂತ ನನಗನಿಸುವುದಿಲ್ಲ. ಕಾನೂನು ಯಾರದು ಅನ್ನುವುದಕ್ಕಿಂತ, ಅದು ಹಳ್ಳಿಯಲ್ಲಿ ಏನು ಮಾಡುತ್ತಿದೆ ಅನ್ನುವುದನ್ನು ನೋಡುತ್ತಿದ್ದ. ಮತ್ತೆ ಹಾಂಗ್‌ಝೌಗೆ ಹೋದಾಗ ಪಶ್ಚಿಮ ಸರೋವರದ ಹೂಳೆತ್ತಿಸಿ, ಅದೇ ಹೂಳಿನಿಂದ ಏರಿ ಕಟ್ಟಿಸಿದ. ಇವತ್ತಿಗೂ ಜನ ಅದರ ಮೇಲೆ ಓಡಾಡುತ್ತಾರೆ. ಆಮೇಲೆ ಮತ್ತೆ ಗಡಿಪಾರು: 1094ರಲ್ಲಿ ದಕ್ಷಿಣದ ಹುಯಿಝೌ, 1097ರಲ್ಲಿ ಸಮುದ್ರದಾಚೆಯ ಹೈನಾನ್ ದ್ವೀಪ, ಕ್ಷಮೆ ಸಿಕ್ಕಿ ಮರಳುವಾಗ 1101ರಲ್ಲಿ ಚಾಂಗ್‌ಝೌನಲ್ಲಿ ಸಾವು.

ನೀವು ಕೇಳುವ ಪ್ರಶ್ನೆ ಅವನಿಗೂ ಹೊಳೆದಿತ್ತು. ಹುವಾಂಗ್‌ಝೌನಲ್ಲಿ ಗಂಡುಮಗು ಹುಟ್ಟಿದಾಗ ಬರೆದ ಪದ್ಯದಲ್ಲಿ ಹೇಳುತ್ತಾನೆ: ಎಲ್ಲರಿಗೂ ಮಗ ಜಾಣನಾಗಬೇಕು, ಜಾಣತನದಿಂದಲೇ ನಾನು ಹಾಳಾದೆ. ನನ್ನ ಮಗ ದಡ್ಡನಾಗಿರಲಿ, ಯಾವ ತಾಪತ್ರಯವೂ ಇಲ್ಲದೆ ಮಂತ್ರಿಯಾಗಲಿ. ಗಡಿಪಾರಿನಲ್ಲಿದ್ದುಕೊಂಡೇ ಮಂತ್ರಿಗಳ ಬಗ್ಗೆ ಇದನ್ನು ಬರೆದ.