ಗೋವಾಕ್ಕಲ್ಲ, ಕಾರವಾರಕ್ಕೆ ಅಂತಾನೇ ಹೋಗಿದ್ದು

ನಾಲ್ಕೈದು ಸಲ ಕಾರವಾರ ದಾಟಿದ್ದೀನಿ, ಇಳಿದಿದ್ದು ಮಾತ್ರ ಇದೇ ಮೊದಲು. ಯಾವಾಗ್ಲೂ ಗೋವಾ ಅರ್ಜೆಂಟು. ಕಾಳಿ ಸೇತುವೆ ಮೇಲೆ ಕಾರಿನ ಗ್ಲಾಸ್ ಇಳಿಸಿ ಒಂದು ವಿಡಿಯೋ ತಗೊಳ್ಳೋದು, ಅಷ್ಟೊತ್ತಿಗೆ ಸೇತುವೆ ಮುಗಿದು ಸದಾಶಿವಗಡ ಬಂದಿರುತ್ತೆ, ಆಮೇಲೆ ಸ್ವಲ್ಪ ಹೊತ್ತಿಗೇ ಬಾರ್ಡರು. ಈ ಸಲ ನಾನೂ ನನ್ನ ಹೆಂಡ್ತೀನೂ ಕಾರ್ ಬೇಡವೇ ಬೇಡ ಅಂತ ಬೆಂಗಳೂರಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದ್ವಿ. ಬೆಳಿಗ್ಗೆ ಕಣ್ಣು ಬಿಟ್ರೆ ಕಿಟಕೀಲಿ ತೆಂಗು, ಹಿನ್ನೀರು, ಸುರಂಗ, ಮತ್ತೆ ತೆಂಗು. ಒಂದು ವಿಷಯ, ಸ್ಟೇಷನ್ ಊರೊಳಗಿಲ್ಲ, ಶಿರವಾಡದಲ್ಲಿದೆ, ಇಳಿದ ತಕ್ಷಣ ಸಮುದ್ರ ಕಾಣುತ್ತೆ ಅಂದ್ಕೊಂಡಿದ್ದ ನಮಗೆ ಮೊದಲು ಕಂಡಿದ್ದು ಆಟೋ ಕ್ಯೂ.

ಟಾಗೋರ್ ಬೀಚ್ ಊರಿಗೆ ಅಂಟಿಕೊಂಡೇ ಇದೆ, ಹೈವೇ ದಾಟಿದ್ರೆ ಮರಳು. ಹೆಸರು ಸುಮ್ನೆ ಇಟ್ಟಿದ್ದಲ್ಲ. ರವೀಂದ್ರರ ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಡ್ಜ್ ಆಗಿದ್ರು, ಬ್ರಿಟಿಷರ ಕಾಲದ ಐಸಿಎಸ್ ಪರೀಕ್ಷೆ ಪಾಸಾದ ಮೊದಲ ಭಾರತೀಯ ಅವರೇ, ರವೀಂದ್ರರು ಇಪ್ಪತ್ತೊಂದು ಇಪ್ಪತ್ತೆರಡರ ವಯಸ್ಸಲ್ಲಿ ಬಂದು ಅಣ್ಣನ ಮನೇಲಿದ್ದು ಇಲ್ಲೇ ಒಂದು ನಾಟಕ ಬರೆದ್ರಂತೆ, ಬೆಳದಿಂಗಳಲ್ಲಿ ಕಾಳಿ ನದಿ ಮೇಲೆ ದೋಣೀಲಿ ಹೋಗಿದ್ದನ್ನ ಆಮೇಲೆ ನೆನಪು ಮಾಡ್ಕೊಂಡು ಬರೆದಿದ್ದಾರೆ. ನಾವು ಆ ವಯಸ್ಸಲ್ಲಿ ಸಪ್ಲಿಮೆಂಟರಿ ಬರೀತಿದ್ವಿ, ಬಿಡಿ.

ಬೀಚ್ ಪಕ್ಕದಲ್ಲೇ ದಡಕ್ಕೆ ಎಳೆದು ನಿಲ್ಲಿಸಿರೋ ಐಎನ್‌ಎಸ್ ಚಪಲ್ ಇದೆ, ಕ್ಷಿಪಣಿ ಹಾರಿಸೋ ಚಿಕ್ಕ ಹಡಗು, ಈಗ ಮ್ಯೂಸಿಯಂ. ಒಳಗೆ ಮಲಗೋ ಜಾಗ ನೋಡಿದ್ರೆ ನಮ್ಮ ಸ್ಲೀಪರ್ ಬರ್ತೇ ಅರಮನೆ ಅನ್ಸುತ್ತೆ. ನಂಗೆ ಹಡಗಿಗಿಂತ ಇಷ್ಟ ಆಗಿದ್ದು ಅದರ ಹತ್ತಿರ ಇರೋ ಟುಪೊಲೆವ್ ವಿಮಾನ, ಸಬ್‌ಮರೀನ್ ಹುಡುಕೋಕೆ ನೌಕಾಪಡೆ 2017ರ ತನಕ ಇಟ್ಕೊಂಡಿದ್ದು. ಬಿಡಿಭಾಗ ಮಾಡಿ ತಮಿಳುನಾಡಿನ ಅರಕ್ಕೋಣಂನಿಂದ ರಸ್ತೇಲಿ ತಂದು ಇಲ್ಲಿ ಜೋಡಿಸಿದ್ದಾರೆ. ಎಂಜಿನ್ ನಾಲ್ಕು, ಆದ್ರೆ ಪ್ರೊಪೆಲರ್ ಎಂಟು, ಒಂದರ ಹಿಂದೆ ಒಂದು, ಎರಡೂ ಉಲ್ಟಾ ದಿಕ್ಕಲ್ಲಿ ತಿರುಗೋ ಥರ. ಅದರ ಕೆಳಗೆ ನಿಂತು ಕತ್ತೆತ್ತಿ ನೋಡ್ತಾ ಹತ್ತು ನಿಮಿಷ ಹೋಗಿದ್ದೇ ಗೊತ್ತಾಗ್ಲಿಲ್ಲ.

ಬೀಚಿನ ಒಂದು ತುದಿಗೆ ಬೈತಖೋಲ, ಅಂದ್ರೆ ಬಂದರು. ಒಂದು ಕಾಲಕ್ಕೆ ಇಲ್ಲಿಂದ ಅದಿರು ತುಂಬಿ ತುಂಬಿ ಹೋಗ್ತಿತ್ತು, 2010ರಲ್ಲಿ ಸರ್ಕಾರ ಅದಿರು ರಫ್ತು ನಿಲ್ಲಿಸಿದ ಮೇಲೆ ಆ ಗದ್ದಲ ಇಲ್ಲ. ಅದರ ಪಕ್ಕ ಮೀನಿನ ಜೆಟ್ಟಿ, ವಾಸನೆ ಅಡ್ರೆಸ್ ಹೇಳುತ್ತೆ. ಬಲೆ ರಿಪೇರಿ ಮಾಡ್ತಾ ಕೂತಿದ್ದ ಒಬ್ರ ಹತ್ರ ಸುಮ್ನೆ ಮಾತಿಗೆ ನಿಂತೆ, ಕೊಂಕಣಿ ಮಿಕ್ಸ್ ಕನ್ನಡ, ಅರ್ಧ ಅರ್ಥ ಆಯ್ತು. ಅರ್ಗಾ, ಬಿಣಗಾ ಕಡೆ ಕೈ ತೋರ್ಸಿ "ಆ ಕಡೆ ನೇವಿ, ಈ ಕಡೆ ಬಂದರು, ನಡುವೆ ಉಳಿದಿದ್ದು ಇಷ್ಟೇ" ಅಂದ್ರು. 2005ರಲ್ಲಿ ಕದಂಬ ನೌಕಾನೆಲೆ ಶುರುವಾಗೋಕೆ ಮುಂಚೆ ಊರುಗಳೇ ಎದ್ದು ಹೋಗಿವೆ, ಅದಾದ್ಮೇಲೆ 2020ರಲ್ಲಿ ಬಂದರು ವಿಸ್ತರಣೆ ಅಂತ ಕೆಲಸ ಶುರು ಮಾಡಿದಾಗ ಮೀನುಗಾರರು ದೊಡ್ಡ ಗಲಾಟೇನೇ ಮಾಡಿದ್ರು. ಅಲ್ಲಿವರೆಗೆ ನಂಗೆ ಬೀಚ್ ಅಂದ್ರೆ ಬೀಚು ಅಷ್ಟೆ, ಅದಕ್ಕೆ ಇಷ್ಟೊಂದು ಜನ ವಾರಸುದಾರರು ಅಂತ ತಲೆಗೇ ಬಂದಿರ್ಲಿಲ್ಲ.

ಮಧ್ಯಾಹ್ನ ತಿಸ್ರ್ಯೊ ಸುಕ್ಕೆ ತಿಂದ್ವಿ, ತಿಸ್ರ್ಯೊ ಅಂದ್ರೆ ಚಿಪ್ಪುಮೀನು, ಚಿಪ್ಪು ಸಮೇತ ತೆಂಗಿನಕಾಯಿ ಮಸಾಲೆ, ಬೆರಳು ನೆಕ್ಕೋದು ಅನಿವಾರ್ಯ. ಸಂಜೆ ಕಾಳಿ ಸಮುದ್ರ ಸೇರೋ ಕಡೆ ಹೋದ್ರೆ ನೀರು ಇಳಿದಿತ್ತು, ಹೆಂಗಸರು ಸೀರೆ ಎತ್ತಿ ಕಟ್ಕೊಂಡು ಕೆಸರಲ್ಲಿ ಬಗ್ಗಿ ಅದೇ ತಿಸ್ರ್ಯೊ ಆರಿಸ್ತಿದ್ರು. ನೋಡೋದೇ ಇಲ್ಲ, ಪಾದದಲ್ಲಿ ತಡಕಿ, ಸಿಕ್ತು ಅಂದ್ರೆ ಕೈ ಹಾಕಿ ಬುಟ್ಟಿಗೆ. ಹಿಂದೆ ಸೇತುವೆ ಮೇಲೆ ಲಾರಿಗಳು ಹೋಗ್ತಾನೇ ಇದ್ವು. ಅದರ ಪಕ್ಕದ ಹಳೇದು 2024ರ ಆಗಸ್ಟಲ್ಲಿ ನಡುರಾತ್ರಿ ಕುಸಿದು ಲಾರಿ ಸಮೇತ ನದಿಗೆ ಬಿತ್ತಲ್ಲ, ಡ್ರೈವರ್ ಬದುಕಿದ್ದೇ ಪುಣ್ಯ. ನನ್ನ ವಿಡಿಯೋಗಳಲ್ಲಿ ಆ ಹಳೇ ಸೇತುವೆ ಇನ್ನೂ ಇದೆ.

ಮಾರನೇ ದಿನ ತಿಳ್ಮಾತಿ. ಇಷ್ಟುದ್ದ ಬರೆದಿದ್ದೇ ಇದನ್ನ ಹೇಳೋಕೆ ಅನ್ಕೊಳ್ಳಿ. ಮಾಜಾಳಿ ತನಕ ಆಟೋ, ಅಲ್ಲಿಂದ ಬೀಚಿನ ಗೋವಾ ಕಡೆ ತುದಿಗೆ ನಡೆದು, ಒಂದು ಗುಡ್ಡ ಹತ್ತಿ ಇಳೀಬೇಕು. ಗುಡ್ಡದ ಈ ಕಡೆ ಮರಳು ಬಿಳಿ, ಮಾಮೂಲಿ. ಆ ಕಡೆ ಇಳಿದ್ರೆ ಪುಟ್ಟ ಬೀಚು, ಮರಳು ಕಪ್ಪು. ಕೊಂಕಣಿಲಿ ತೀಳ್ ಅಂದ್ರೆ ಎಳ್ಳು, ಮಾತಿ ಅಂದ್ರೆ ಮಣ್ಣು. ಮುಷ್ಟೀಲಿ ತಗೊಂಡು ನೋಡಿದ್ರೆ ನಿಜವಾಗ್ಲೂ ಎಳ್ಳೇ, ನಮ್ಮಮ್ಮ ಸಂಕ್ರಾಂತಿಗೆ ಮೊರದಲ್ಲಿ ಹರಡಿಟ್ಟ ಕರಿ ಎಳ್ಳಿನ ಥರ, ಕಾಳು ಕಾಳು ಬಿಡಿಬಿಡಿಯಾಗಿ ಬೆರಳ ಸಂದೀಲಿ ಜಾರುತ್ತೆ. ಸುತ್ತ ಇರೋ ಕಪ್ಪು ಬಂಡೆಗಳನ್ನ ಅಲೆ ಬಡಿದು ಬಡಿದು ಪುಡಿ ಮಾಡಿರೋದು ಅದು. ಅಲೆ ವಾಪಸ್ ಹೋಗುವಾಗ ಜರ್ರ್ ಅಂತ ಸಣ್ಣ ಸದ್ದು, ಮೊರ ಕೇರಿದ ಹಾಗೆ. ಅಂಗಡಿ ಇಲ್ಲ, ನೆರಳೂ ಅಷ್ಟಕ್ಕಷ್ಟೆ, ನೀರು ಹಿಡ್ಕೊಂಡೇ ಹೋಗಿ. ಹನ್ನೊಂದು ಗಂಟೆ ಮೇಲೆ ಆ ಕಪ್ಪು ಮರಳು ಕಾವಲಿ ಥರ ಕಾದಿರುತ್ತೆ, ಬರಿಗಾಲಲ್ಲಿ ಕುಣೀಬೇಕಾಗುತ್ತೆ. ಮಳೆಗಾಲದಲ್ಲಂತೂ ಬಂಡೆ ಕಡೆ ಹೋಗಲೇಬೇಡಿ.

ಈ ಕಾವಲಿ ವಿಷಯ ನಂಗೆ ಹೆಂಗೆ ಗೊತ್ತಾಯ್ತು ಅಂದ್ರೆ, ಬಂಡೆ ಮೇಲೆ ಚಪ್ಪಲಿ ಬಿಟ್ಟು ಕೂತಿದ್ದೆ, ನೀರು ಏರ್ತಿದೆ ಕಣ್ರೀ ಅಂತ ಹೆಂಡ್ತಿ ಎರಡು ಸಲ ಹೇಳಿದ್ಲು, ಐದು ನಿಮಿಷ ಅಂದೆ. ಆಮೇಲೆ ನೋಡಿದ್ರೆ ಬಲಗಾಲಿಂದು ಇದೆ, ಎಡಗಾಲಿಂದು ಅಷ್ಟು ದೂರದಲ್ಲಿ ನಿಧಾನಕ್ಕೆ ತೇಲ್ಕೊಂಡು ಗೋವಾ ಕಡೆ ಹೊರಟಿತ್ತು. ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಅವಳ ದುಪಟ್ಟಾ ಸುತ್ಕೊಂಡು ಗುಡ್ಡ ಹತ್ತಿ ಮಾಜಾಳಿ ಸೇರಿದೆ. ನೀಲಿ ಬಣ್ಣ, ಎಂಟನೇ ನಂಬರು, ಯಾರಿಗಾದ್ರೂ ಸಿಕ್ಕಿದ್ರೆ ಇಟ್ಕೊಳ್ಳಿ, ಅದರ ಜೋಡಿ ನಮ್ಮ ಬಾಲ್ಕನೀಲಿದೆ.