ಮತ್ತೆ ಮತ್ತೆ ತೊಟ್ಟ ರಾಜವಸ್ತ್ರಗಳು: ವಿಂಡ್ಸರ್‌ನಿಂದ ಲಂಡನ್ ಟವರ್‌ವರೆಗೆ

2022ರ ಬೇಸಿಗೆಯಲ್ಲಿ ವಿಂಡ್ಸರ್ ಕೋಟೆಗೆ ಹೋದವರಿಗೆ, ರಾಣಿ ಎರಡನೇ ಎಲಿಜಬೆತ್ ಅವರು 1953ರ ಜೂನ್ 2ರಂದು ಕಿರೀಟಧಾರಣೆಗೆ ತೊಟ್ಟಿದ್ದ ಉಡುಪನ್ನು ಹತ್ತಿರದಿಂದ ನೋಡುವ ಅವಕಾಶವಿತ್ತು. ಅವರ ಆಳ್ವಿಕೆಗೆ ಎಪ್ಪತ್ತು ವರ್ಷ ತುಂಬಿದ ಸಂದರ್ಭಕ್ಕೆಂದು ಏರ್ಪಡಿಸಿದ್ದ ಪ್ರದರ್ಶನ ಅದು. ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಲ್ಲಿ ರೈಲು ಹತ್ತಿ, ಸ್ಲೌ ಎಂಬಲ್ಲಿ ಇನ್ನೊಂದು ಪುಟ್ಟ ರೈಲಿಗೆ ಬದಲಾಯಿಸಿಕೊಂಡರೆ ಕೋಟೆಯ ಎದುರಿಗೇ ಇಳಿಯಬಹುದು. ನಾವೂ ಹಾಗೆಯೇ ಹೋದೆವು.

ನಾರ್ಮನ್ ಹಾರ್ಟ್‌ನೆಲ್ ವಿನ್ಯಾಸಗೊಳಿಸಿದ ಆ ಬಿಳಿ ಸ್ಯಾಟಿನ್ ಉಡುಪಿನ ಮೇಲೆ ಇಂಗ್ಲೆಂಡಿನ ಗುಲಾಬಿ, ಸ್ಕಾಟ್ಲೆಂಡಿನ ಥಿಸಲ್ ಎಂಬ ಮುಳ್ಳುಗಿಡದ ಹೂವು, ಕೆನಡಾದ ಮೇಪಲ್ ಎಲೆ, ನ್ಯೂಜಿಲೆಂಡಿನ ಜರೀಗಿಡದ ಎಲೆ ಮೊದಲಾದವುಗಳ ಕಸೂತಿ ಮುತ್ತು, ಹರಳು, ಚಿನ್ನ-ಬೆಳ್ಳಿ ಎಳೆಗಳಲ್ಲಿ ಮೂಡಿದೆ. ನಮ್ಮ ಕಣ್ಣು ಸಹಜವಾಗಿಯೇ ಹುಡುಕಿದ್ದು ಕಮಲವನ್ನು. ಭಾರತ ಗಣರಾಜ್ಯವಾಗಿ ಮೂರು ವರ್ಷ ಕಳೆದಿದ್ದರೂ ಕಾಮನ್‌ವೆಲ್ತ್‌ನ ಸದಸ್ಯ ದೇಶವಾಗಿ ಉಳಿದಿದ್ದರಿಂದ, ಸಿಲೋನಿನಂತೆ (ಇಂದಿನ ಶ್ರೀಲಂಕಾ) ನಮಗೂ ಅಲ್ಲೊಂದು ಹೂವಿನ ಜಾಗ ಸಿಕ್ಕಿತ್ತು. ಜೊತೆಗಿದ್ದ ಆರೂವರೆ ಮೀಟರ್ ಉದ್ದದ ನೇರಳೆ ಮಖಮಲ್ಲಿನ ಮೇಲುವಸ್ತ್ರಕ್ಕೆ ರಾಯಲ್ ಸ್ಕೂಲ್ ಆಫ್ ನೀಡಲ್‌ವರ್ಕ್‌ನ ಹನ್ನೆರಡು ಮಂದಿ ಹೆಂಗಸರು 3,500 ಗಂಟೆಗೂ ಹೆಚ್ಚು ಕಾಲ ಕುಳಿತು ಗೋಧಿ ತೆನೆ, ಆಲಿವ್ ರೆಂಬೆಗಳ ಕಸೂತಿ ಹಾಕಿದ್ದರು.

ಇಷ್ಟು ಶ್ರಮದ ಬಟ್ಟೆ ಒಂದೇ ದಿನದ ಬಳಕೆಗೆ ಎಂದುಕೊಳ್ಳುವುದು ಸುಲಭ. ಆದರೆ ಕಿರೀಟಧಾರಣೆಯ ಉಡುಪನ್ನು ರಾಣಿಯವರು ಆಮೇಲೆ ಇನ್ನೂ ಆರು ಬಾರಿ ತೊಟ್ಟರು. 1954ರಲ್ಲಿ ನ್ಯೂಜಿಲೆಂಡ್, ಆಸ್ಟ್ರೇಲಿಯಾ ಮತ್ತು ಸಿಲೋನಿನ ಸಂಸತ್ತುಗಳನ್ನು, 1957ರಲ್ಲಿ ಕೆನಡಾದ ಸಂಸತ್ತನ್ನು ಉದ್ಘಾಟಿಸಿದ್ದು ಇದೇ ಉಡುಪಿನಲ್ಲಿ. ಹೋದ ಮದುವೆಗೆ ಉಟ್ಟ ಸೀರೆಯನ್ನೇ ಈ ಮದುವೆಗೂ ಉಟ್ಟರೆ ನಾಲ್ಕು ಜನ ಗಮನಿಸುತ್ತಾರೆ ಎಂಬ ಅಳುಕು ನಮ್ಮಲ್ಲಿದೆ. ಅಲ್ಲಿ ಆ ನಾಲ್ಕು ಜನ ಗಮನಿಸಲೆಂದೇ ಅದನ್ನು ಕಡಲು ದಾಟಿಸಿ ಕೊಂಡೊಯ್ದಿದ್ದರು. ವೆಸ್ಟ್‌ಮಿನ್‌ಸ್ಟರ್ ಅಬೆಗೆ ಬರಲಾಗದ ಪ್ರಜೆಗಳಿಗೆ ಕಿರೀಟಧಾರಣೆಯ ಒಂದು ತುಣುಕನ್ನು ಅವರ ಊರಿನಲ್ಲೇ ತೋರಿಸಿದಂತಾಯಿತು ಎಂದು ನನಗೆ ತೋರುತ್ತದೆ.

ಮರುದಿನ ಲಂಡನ್ ಟವರ್‌ಗೆ ಹೋದೆವು. ಜ್ಯುವೆಲ್ ಹೌಸ್‌ನಲ್ಲಿ ಕಿರೀಟಗಳ ಮುಂದೆ ಚಲಿಸುವ ನಡೆಹಾದಿಯೇ ಜನರನ್ನು ಸಾಗಿಸಿಬಿಡುವುದರಿಂದ, ಅವುಗಳ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ನಾವು ಬಹಳ ಹೊತ್ತು ನಿಂತದ್ದು ಚಿನ್ನದ ಜರಿಯ ಇಂಪೀರಿಯಲ್ ಮ್ಯಾಂಟಲ್ ಎಂಬ ನಿಲುವಂಗಿಯ ಮುಂದೆ. ಆಡಂಬರಕ್ಕೆ ಹೆಸರಾಗಿದ್ದ ನಾಲ್ಕನೇ ಜಾರ್ಜ್ ದೊರೆ 1821ರ ತನ್ನ ಕಿರೀಟಧಾರಣೆಗೆಂದು ಮಾಡಿಸಿಕೊಂಡದ್ದು ಅದು. ಮುಂದೆ 1838ರಲ್ಲಿ ವಿಕ್ಟೋರಿಯಾ ರಾಣಿ ತನಗೆಂದೇ ಬೇರೊಂದನ್ನು ಮಾಡಿಸಿಕೊಂಡಳು. ಹಳೆಯದು ಮತ್ತೆ ಹೆಗಲೇರಿದ್ದು 1911ರಲ್ಲಿ ಐದನೇ ಜಾರ್ಜ್ ಅವರ ಕಾಲಕ್ಕೆ, ಆನಂತರ 1937 ಮತ್ತು 1953ರಲ್ಲಿ. ಅನಾದಿ ಕಾಲದ ಸಂಪ್ರದಾಯದಂತೆ ಕಾಣುವ ಈ ಮರುಬಳಕೆಗೆ ವಾಸ್ತವದಲ್ಲಿ ನೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚಿನ ವಯಸ್ಸಷ್ಟೆ. ದೊರೆಗಿಂತ ಬಟ್ಟೆಗೇ ಹಿರಿತನ ಬಂದದ್ದು ತೀರ ಈಚೆಗೆ.

ನಾವು ಊರಿಗೆ ಮರಳಿದ ಮೇಲೆ, ಆ ಸೆಪ್ಟೆಂಬರ್ 8ರಂದು ರಾಣಿಯವರು ತೀರಿಕೊಂಡರು. 2023ರ ಮೇ 6ರಂದು ಅದೇ ನಿಲುವಂಗಿಯನ್ನು ಮೂರನೇ ಚಾರ್ಲ್ಸ್ ಹೊದ್ದದ್ದನ್ನು ಟಿವಿಯಲ್ಲಿ ನೋಡಿದೆವು. ಅಜ್ಜ ಆರನೇ ಜಾರ್ಜ್ ಬಳಸಿದ್ದ ಕೈಗವಸು ಮತ್ತು ಖಡ್ಗದ ಪಟ್ಟಿಯನ್ನೂ ಅವರು ಧರಿಸಿದರು. ಅವರ ಪತ್ನಿ ಕಮಿಲಾ ಅವರಿಗೂ ಹೊಸ ಕಿರೀಟ ಮಾಡಿಸದೆ, 1911ರಲ್ಲಿ ಮೇರಿ ರಾಣಿ ಧರಿಸಿದ್ದನ್ನೇ ತುಸು ಬದಲಿಸಿ ತೊಡಿಸಲಾಯಿತು. ಇದನ್ನು ಮಿತವ್ಯಯವೆಂದು ಹೊಗಳಿದವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಅಷ್ಟು ದೊಡ್ಡ ಸಮಾರಂಭದ ಖರ್ಚಿನಲ್ಲಿ ಒಂದು ಕೈಗವಸು ಉಳಿಸುವುದು ಎಷ್ಟು? ಹಳೆಯದನ್ನು ತೊಟ್ಟಾಗ ಸಿಗುವ ವಂಶದ ಮುದ್ರೆಯೇ ಅಲ್ಲಿ ನಿಜವಾದ ಲಾಭ. ಅದೇ ವರ್ಷದ ನವೆಂಬರ್ 7ರಂದು ಸಂಸತ್ತಿನ ಅಧಿವೇಶನದ ಉದ್ಘಾಟನೆಗೆ ಕಮಿಲಾ ಅವರು ಬ್ರೂಸ್ ಓಲ್ಡ್‌ಫೀಲ್ಡ್ ಹೊಲಿದಿದ್ದ ತಮ್ಮ ಕಿರೀಟಧಾರಣೆಯ ಉಡುಪಿನಲ್ಲೇ ಬಂದಾಗ, ಅತ್ತೆಯವರು ವೆಲಿಂಗ್ಟನ್ನಿನಲ್ಲಿ, ಕೊಲಂಬೊದಲ್ಲಿ ಮಾಡಿದ್ದನ್ನೇ ಸೊಸೆ ಲಂಡನ್ನಿನಲ್ಲಿ ಮಾಡಿದ್ದರು.